ಮೈ ಅದುರುತ್ತಿದೆ, ನರದ ದೊಡ್ಡ ಕಾಯಿಲೆ ಇರಬಹುದಾ ಅಂತ ಭಯವಾಗಿದೆಯಾ? ಹೀಗೆ ಮಾಡಿ

ಮೂರು ವರ್ಷದ ಹಿಂದೆ, ಮಾರ್ಚ್ ಕೊನೆಯ ಒಂದು ರಾತ್ರಿ, ನನ್ನ ಎಡಗಾಲಿನ ಮೀನಖಂಡ ಅದುರಲು ಶುರುವಾಯಿತು. ನೋವಿರಲಿಲ್ಲ. ಚರ್ಮದ ಕೆಳಗೆ ಸಣ್ಣ ಹುಳ ಹರಿದ ಹಾಗೆ ಎರಡು ಸೆಕೆಂಡು ಪುಟಪುಟ ಅನ್ನುವುದು, ನಿಲ್ಲುವುದು, ಮತ್ತೆ ಶುರು. ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಎರಡು ವಾರದಿಂದ ನಿದ್ದೆ ಸರಿ ಇರಲಿಲ್ಲ, ದಿನಕ್ಕೆ ಆರೇಳು ಲೋಟ ಕಾಫಿ ಹೊಟ್ಟೆಗೆ ಹೋಗುತ್ತಿತ್ತು. ಅದ್ಯಾವುದೂ ನನಗೆ ಆಗ ಹೊಳೆಯಲಿಲ್ಲ. ಫೋನ್ ತೆಗೆದು ಹುಡುಕಿದೆ. ಕೆಲವೇ ಸಾಲುಗಳಲ್ಲಿ 'ಎಎಲ್‌ಎಸ್' ಅನ್ನುವ ಹೆಸರು ಕಂಡಿತು. ಕೈಕಾಲು ಆಡಿಸುವ ಬಲವೇ ಹೋಗುತ್ತಾ ಬರುವ ನರದ ಕಾಯಿಲೆ, ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ಬಂದಿದ್ದು. ಗಾಲಿಕುರ್ಚಿಯಲ್ಲಿ ಕುಳಿತ ಅವರ ಚಿತ್ರ ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಮಲಗಿದ್ದ ಮಗಳನ್ನು ನೋಡಿ ಅತ್ತುಬಿಟ್ಟೆ.

ಆಮೇಲಿನ ನಾಲ್ಕು ತಿಂಗಳು ನಾನು ಬದುಕಿದ ರೀತಿ ಯಾರಿಗೂ ಬೇಡ. ಅದರಿಂದ ಹೊರಗೆ ಬಂದ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಒಂದು ಮಾತು ಅನುಭವದಿಂದ ಹೇಳಬಲ್ಲೆ: ಕಾಲು ಅದುರಿದ್ದು ನನಗೆ ಏನೂ ಮಾಡಲಿಲ್ಲ. ಅದನ್ನು ದಿನವಿಡೀ ಪರೀಕ್ಷೆ ಮಾಡುತ್ತಾ ಕೂತಿದ್ದೇ ನನ್ನನ್ನು ಹೈರಾಣ ಮಾಡಿತು.

ಮೊದಲು: ಕಾಯಬಾರದ ಸಂದರ್ಭಗಳು

ಹೊಲಕ್ಕೋ ತೋಟಕ್ಕೋ ಔಷಧಿ ಹೊಡೆದು ಬಂದ ಮೇಲೆ ಮೈ ಅದುರಲು ಶುರುವಾಗಿದ್ದರೆ ಈ ಲೇಖನ ಓದುತ್ತಾ ಕೂರಬೇಡಿ. ಜೊತೆಗೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು, ಉಸಿರು ಕಟ್ಟಿದ ಹಾಗೆ ಆಗುವುದು ಇದ್ದರಂತೂ ಒಂದು ನಿಮಿಷವೂ ತಡ ಬೇಡ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಮೈಗೆ ಸೇರಿದಾಗ ಹೀಗಾಗುತ್ತದೆ. ಬಟ್ಟೆ ತೆಗೆದು, ಸೋಪು ಹಾಕಿ ಮೈ ತೊಳೆದು, 108ಕ್ಕೆ ಫೋನ್ ಮಾಡಿ. ಔಷಧಿಯ ಡಬ್ಬಿಯನ್ನೋ ಅದರ ಮೇಲಿನ ಚೀಟಿಯನ್ನೋ ಆಸ್ಪತ್ರೆಗೆ ಜೊತೆಗೆ ಒಯ್ಯಿರಿ.

ಇದ್ದಕ್ಕಿದ್ದ ಹಾಗೆ ಮುಖ ಒಂದು ಕಡೆ ವಾಲುವುದು, ಒಂದು ಕೈ ಎತ್ತಲು ಆಗದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ಅದಕ್ಕೂ 108.

ಇವೆರಡೂ ಅಲ್ಲ, ಎಲ್ಲೋ ಒಂದು ಕಡೆ ಅದುರುತ್ತಿದೆ ಅಷ್ಟೇ ಅಂದರೆ, ನಿಮಗೆ ಸಮಯ ಇದೆ. ಈ ರಾತ್ರಿಯೇ ಏನೂ ತೀರ್ಮಾನ ಆಗಬೇಕಿಲ್ಲ.

ಅದುರುವುದು ಅಂದರೆ ಒಳಗೆ ಆಗುವುದೇನು

ಒಂದು ನರಕೋಶದಿಂದ ಹೊರಟ ಎಳೆ, ಸ್ನಾಯುವಿನ ಒಂದು ಕಂತೆ ನಾರುಗಳಿಗೆ ಹೋಗಿ ಸೇರುತ್ತದೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿನಲ್ಲಿ ಆ ಕಂತೆ ತುಂಬಾ ಸಣ್ಣದು. ಮೀನಖಂಡದಲ್ಲಿ ಒಂದೊಂದು ಕಂತೆಯಲ್ಲಿ ಸಾವಿರಕ್ಕೂ ಹೆಚ್ಚು ನಾರು ಇರುತ್ತವೆ. ನಾವು ಹೇಳದೇ ಇದ್ದರೂ ಆ ನರದ ಎಳೆ ಒಮ್ಮೊಮ್ಮೆ ತಾನಾಗಿಯೇ ಮಿಡಿಯುತ್ತದೆ. ಆಗ ಇಡೀ ಕಂತೆ ಒಟ್ಟಿಗೆ ಕುಪ್ಪಳಿಸುತ್ತದೆ. ಚರ್ಮದ ಮೇಲೆ ನಮಗೆ ಕಾಣುವುದು ಅದೇ. ಡಾಕ್ಟರುಗಳು ಇದನ್ನು ಫ್ಯಾಸಿಕ್ಯುಲೇಶನ್ ಅನ್ನುತ್ತಾರೆ. ಆರೋಗ್ಯವಾಗಿರುವ ಹೆಚ್ಚಿನ ಜನರಿಗೆ ಒಂದಲ್ಲ ಒಂದು ಸಲ ಇದು ಆಗಿರುತ್ತದೆ.

ಇದು ನಮ್ಮ ಅಜ್ಜಿಯರಿಗೆ ಗೊತ್ತಿಲ್ಲದ್ದೇನಲ್ಲ. ಹೆಂಗಸರಿಗೆ ಎಡಗಣ್ಣು, ಗಂಡಸರಿಗೆ ಬಲಗಣ್ಣು ಅದುರಿದರೆ ಒಳ್ಳೆಯದು ಅನ್ನುವ ಮಾತು ಪ್ರತಿ ಮನೆಯಲ್ಲೂ ಇದೆ. ಕಣ್ಣು, ತೋಳು, ತೊಡೆ ಅದುರುವುದು ಎಷ್ಟು ಮಾಮೂಲಿ ಅಂದರೆ ಅದಕ್ಕೊಂದು ಶಕುನವೇ ಹುಟ್ಟಿಕೊಂಡಿದೆ. ಕಣ್ಣು ಅದುರಿದರೆ ನಾವು ಇವತ್ತಿಗೂ ಹೆದರುವುದಿಲ್ಲ. ಅದೇ ನರ, ಅದೇ ಮಿಡಿತ ಕಾಲಿನಲ್ಲಿ ಆದಾಗ ಮಾತ್ರ ಎದೆ ಧಸಕ್ ಅನ್ನುತ್ತದೆ.

ನಿದ್ದೆಗೇಡು, ಕಾಫಿ-ಟೀ, ಸಿಗರೇಟು, ಮದ್ಯ, ಮೈಮುರಿಯುವ ಕೆಲಸ, ನೀರು ಕಡಿಮೆ ಆಗುವುದು ಇವೆಲ್ಲ ಅದುರುವಿಕೆಯನ್ನು ಹೆಚ್ಚಿಸುತ್ತವೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ, ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕಡಿಮೆ ಆದರೂ ಹೀಗಾಗಬಹುದು. ಅಸ್ತಮಾಗೆ ಎಳೆದುಕೊಳ್ಳುವ ಸಾಲ್ಬುಟಮಾಲ್ ಪಂಪಿನಿಂದ ಕೈ ನಡುಗಬಹುದು, ಮೂತ್ರ ಹೆಚ್ಚು ಹೋಗಿಸುವ ಮಾತ್ರೆಗಳಿಂದ ಲವಣ ಕಡಿಮೆಯಾಗಿ ಸ್ನಾಯು ಸೆಟೆದುಕೊಳ್ಳಬಹುದು. ಆತಂಕವೂ ಇದೇ ಪಟ್ಟಿಯಲ್ಲಿದೆ. ಅದುರಿದರೆ ಭಯ, ಭಯಪಟ್ಟರೆ ಇನ್ನಷ್ಟು ಅದುರು. ನಾನು ಸಿಕ್ಕಿಹಾಕಿಕೊಂಡಿದ್ದು ಈ ಸುಳಿಯಲ್ಲೇ.

ಬಲ ಹೋಗಿದೆಯಾ, ಇಲ್ಲವಾ? ಕೇಳಬೇಕಾದ ಪ್ರಶ್ನೆ ಇದು

ಎಎಲ್‌ಎಸ್ ಕಾಯಿಲೆಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಅಲ್ಲೂ ಅದುರುವುದು ಇರುತ್ತದೆ, ನಿಜ. ಆದರೆ ರೋಗಿಯನ್ನು ಆಸ್ಪತ್ರೆಗೆ ಕರೆತರುವುದು ಸಾಮಾನ್ಯವಾಗಿ ಬಲ ಹೋಗುವುದು. ಅದೂ ಹೆಚ್ಚಾಗಿ ನೋವಿಲ್ಲದೆ, ವಾರದಿಂದ ವಾರಕ್ಕೆ ಹೆಚ್ಚುತ್ತಾ. ಯುರೋಪಿನ ಲೆಕ್ಕದಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ ಇದು ಹೊಸದಾಗಿ ಬರುತ್ತದೆ, ಬಹುಪಾಲು 50 ದಾಟಿದವರಿಗೆ. ಹಾಕಿಂಗ್ ಅವರಿಗೆ 1963ರಲ್ಲಿ, 21ನೇ ವಯಸ್ಸಿನಲ್ಲಿ ಪತ್ತೆಯಾಗಿದ್ದು ತೀರಾ ಅಪರೂಪ. ಅವರು 76 ವರ್ಷ ಬದುಕಿದ್ದೂ ಅಷ್ಟೇ ಅಪರೂಪ. ನಮಗೆ ಗೊತ್ತಿರುವ ಒಬ್ಬರೇ ರೋಗಿ ಅವರಾದ್ದರಿಂದ ಇಪ್ಪತ್ತು, ಮೂವತ್ತರ ಹರೆಯದವರೂ ತಮ್ಮನ್ನು ಅವರ ಜಾಗದಲ್ಲಿ ಇಟ್ಟು ನೋಡುತ್ತಾರೆ.

ನಮ್ಮ ಕಡೆಯ ನರತಜ್ಞರು ಬಲದ ಬಗ್ಗೆ ಕೇಳುವ ಪ್ರಶ್ನೆಗಳು ತುಂಬಾ ಮನೆಯೊಳಗಿನವು. ನನ್ನನ್ನು ನೋಡಿದ ಡಾಕ್ಟರು ಮೊದಲು ಕೇಳಿದ್ದು, "ನಡೆಯುವಾಗ ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಹೋಗುತ್ತಾ?" ಪಾದ ಎತ್ತುವ ಬಲ ಕಡಿಮೆಯಾದವರಿಗೆ ಚಪ್ಪಲಿ ನಿಲ್ಲುವುದಿಲ್ಲ, ಹೆಜ್ಜೆ ಎಡವುತ್ತದೆ. ಆಮೇಲೆ ಕೇಳಿದ್ದು, "ಅನ್ನ ಸಾರು ಕಲಸಿ ತುತ್ತು ಮಾಡೋಕೆ ಆಗುತ್ತಾ? ಅಂಗಿ ಗುಂಡಿ ಹಾಕೋಕೆ? ಬೀಗದ ಕೀಲಿ ತಿರುಗಿಸೋಕೆ? ನೆಲದ ಮೇಲೆ ಕೂತು ಕೈ ಊರದೆ ಏಳ್ತೀರಾ? ಅಟ್ಟದ ಮೇಲಿನ ಡಬ್ಬ ತೆಗೀತೀರಾ? ನೀರು ಕುಡಿದರೆ ನೆತ್ತಿಗೆ ಹತ್ತುತ್ತಾ?" ಎಲ್ಲಕ್ಕೂ ನನ್ನ ಉತ್ತರ ಒಂದೇ: ಎಲ್ಲಾ ಮಾಡ್ತೀನಿ ಡಾಕ್ಟ್ರೇ, ಆದರೆ ಕಾಲು ಸೋತ ಹಾಗೆ ಅನ್ನಿಸುತ್ತೆ.

ಅವರು ಪೆನ್ನು ಕೆಳಗಿಟ್ಟು ಹೇಳಿದರು, "ಸೋತ ಹಾಗೆ ಅನ್ನಿಸೋದು ಬೇರೆ. ಮಾಡೋಕೇ ಆಗದಿರೋದು ಬೇರೆ. ನಾನು ಹುಡುಕೋದು ಎರಡನೇದನ್ನ."

ಈ ವ್ಯತ್ಯಾಸ ಗಟ್ಟಿಯಾಗಿ ಹಿಡಿದುಕೊಳ್ಳಿ. ಆತಂಕದಲ್ಲಿರುವವರ ಕೈಕಾಲು ಭಾರ, ಸುಸ್ತು, ನಡುಕ ಅನ್ನಿಸುವುದು ತೀರಾ ಸಾಮಾನ್ಯ. ಆದರೆ ಆ ಕೈಯಲ್ಲೇ ಅವರು ಇಡೀ ದಿನ ಕೆಲಸ ಮಾಡಿರುತ್ತಾರೆ. ಮೇಲೆ ಹೇಳಿದ ಕೆಲಸಗಳಲ್ಲಿ ಯಾವುದಾದರೂ ನಿಜವಾಗಿಯೂ ಕೈಲಾಗುತ್ತಿಲ್ಲ, ವಾರಗಳಿಂದ ಹೆಚ್ಚುತ್ತಿದೆ, ಒಂದು ಕೈಯೋ ಕಾಲೋ ಕಣ್ಣಿಗೆ ಕಾಣುವ ಹಾಗೆ ಸೊರಗಿದೆ, ಮಾತು ಬೇರೆಯವರಿಗೆ ಅರ್ಥವಾಗದಷ್ಟು ತೊದಲುತ್ತಿದೆ ಅಂದರೆ ಬೇಗ ನರತಜ್ಞರನ್ನು ಕಾಣಿ. ಆಗಲೂ ಅದು ಎಎಲ್‌ಎಸ್ಸೇ ಅಂತ ತಿಳಿಯಬೇಡಿ. ಕುತ್ತಿಗೆಯಲ್ಲೋ ಸೊಂಟದಲ್ಲೋ ನರ ಒತ್ತಿದರೂ ಹೀಗಾಗುತ್ತದೆ. ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಗಂಡುಮಕ್ಕಳಿಗೆ ಒಂದೇ ಕೈ ಸೊರಗುವ ಹಿರಯಾಮ ಕಾಯಿಲೆ ಅಂತ ಇದೆ. ಇದನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1980ರ ದಶಕದಿಂದಲೇ ಚೆನ್ನಾಗಿ ಬಲ್ಲರು. ಅದು ಸಾಮಾನ್ಯವಾಗಿ ಕೆಲವು ವರ್ಷ ಹೆಚ್ಚಿ ಅಲ್ಲಿಗೇ ನಿಲ್ಲುತ್ತದೆ.

ಡಾಕ್ಟರ ಹತ್ತಿರ ಹೋಗಿ. ಒಂದು ಸಲ, ಸರಿಯಾಗಿ

ಎರಡು ಮೂರು ವಾರವಾದರೂ ನಿಲ್ಲದೆ ಅದುರುತ್ತಿದ್ದರೆ, ಅಥವಾ ಭಯದಿಂದ ನಿದ್ದೆ ಕೆಟ್ಟಿದ್ದರೆ, ನಿಮ್ಮನ್ನು ಮೊದಲಿನಿಂದ ಬಲ್ಲ ಡಾಕ್ಟರ ಬಳಿ ಹೋಗಿ. ಹೋಗುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಯಾವಾಗ ಶುರುವಾಯಿತು, ಎಲ್ಲೆಲ್ಲಿ, ಯಾವ ಕೆಲಸ ಕೈಲಾಗುತ್ತಿಲ್ಲ (ಇಲ್ಲ ಅಂದರೆ 'ಯಾವುದೂ ಇಲ್ಲ' ಅಂತಲೇ ಬರೆಯಿರಿ), ಯಾವ ಮಾತ್ರೆ ತಗೊಳ್ತೀರಿ, ಎಷ್ಟು ಕಾಫಿ, ಎಷ್ಟು ಗಂಟೆ ನಿದ್ದೆ. ಒಂದು ಹಾಳೆ ಸಾಕು. ನಾನು ಹನ್ನೊಂದು ಪುಟ ಮತ್ತು ಮೂವತ್ತು ವಿಡಿಯೊ ತಗೊಂಡು ಹೋಗಿದ್ದೆ. ಆ ನರತಜ್ಞರಿಗಿಂತ ಮೊದಲು ನೋಡಿದ ಡಾಕ್ಟರು ಎರಡೇ ನಿಮಿಷದಲ್ಲಿ "ಏನೂ ಇಲ್ಲ, ಹೋಗಿ" ಅಂದು ಕಳಿಸಿದರು. ಮುಟ್ಟಿಯೂ ನೋಡಲಿಲ್ಲ. ಆ ಮಾತು ಮನೆ ತಲುಪುವವರೆಗೂ ಉಳಿಯಲಿಲ್ಲ. ಅದಕ್ಕೇ ಹೇಳುವುದು, ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ, ಬೇಕಾದರೆ ಬಾಯಿಬಿಟ್ಟು ಕೇಳಿ: "ಡಾಕ್ಟ್ರೇ, ನನಗೆ ಎಎಲ್‌ಎಸ್ ಇರಬಹುದು ಅಂತ ಭಯ ಆಗಿದೆ. ಒಮ್ಮೆ ಬಲ ಪರೀಕ್ಷೆ ಮಾಡಿ ನೋಡಿ." ಹೀಗೆ ಹೇಳಲು ನಾಚಿಕೆ ಬೇಡ. ಡಾಕ್ಟರುಗಳಿಗೂ ಈ ಭಯ ಬರುತ್ತದೆ. ತಮ್ಮ ಸ್ನಾಯು ಅದುರುವುದನ್ನು ಕಂಡು ಕಂಗಾಲಾದ ವೈದ್ಯರ ಬಗ್ಗೆಯೇ 2013ರಲ್ಲಿ ಆಸ್ಟ್ರೇಲಿಯಾದ ನರತಜ್ಞರು ಒಂದು ಪ್ರಬಂಧ ಬರೆದಿದ್ದಾರೆ.

ಪರೀಕ್ಷೆ ಅಂದರೆ ಏನೇನು? ಕೈಕಾಲು ಒತ್ತಿ, ಎಳೆದು ಬಲ ನೋಡುತ್ತಾರೆ. ರಬ್ಬರ್ ಸುತ್ತಿಗೆಯಿಂದ ಮಂಡಿಗೆ ತಟ್ಟುತ್ತಾರೆ. ಅಂಗಾಲಿನ ಮೇಲೆ ಗೀರುತ್ತಾರೆ. ತುದಿಗಾಲಲ್ಲಿ, ಹಿಮ್ಮಡಿಯಲ್ಲಿ ನಡೆಸುತ್ತಾರೆ. ನಾಲಿಗೆಯನ್ನು ಹೊರಗೆ ಚಾಚದೆ ಬಾಯೊಳಗೇ ಸಡಿಲ ಬಿಡಿಸಿ ನೋಡುತ್ತಾರೆ. ಜೊತೆಗೆ ರಕ್ತ ಪರೀಕ್ಷೆ: ಥೈರಾಯ್ಡ್, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಬಿ12. ಮಾಂಸಾಹಾರ ತಿನ್ನದ ಮನೆಗಳಲ್ಲಿ ಬಿ12 ಕೊರತೆ ಜಾಸ್ತಿ. ಅದರಿಂದ ಕೈಕಾಲು ಜುಮ್ಮೆನ್ನುವುದು, ಜೋಮು ಹಿಡಿಯುವುದು ಆಗುತ್ತದೆ. ಅದನ್ನೂ ಎಎಲ್‌ಎಸ್ ಅಂದುಕೊಂಡು ಹೆದರುವವರಿದ್ದಾರೆ. ಆದರೆ ಜೋಮು ಆ ಕಾಯಿಲೆಯ ಮುಖ್ಯ ಲಕ್ಷಣ ಅಲ್ಲವೇ ಅಲ್ಲ.

ಇಎಂಜಿ ಎಲ್ಲರಿಗೂ ಬೇಕಿಲ್ಲ. ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ಅದರ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ ಅದು. ಬೇಕು ಅಂತ ನರತಜ್ಞರು ಹೇಳಿದರೆ ಮಾಡಿಸಿ, ನೀವಾಗಿ ಲ್ಯಾಬ್ ಹುಡುಕಿಕೊಂಡು ಹೋಗಬೇಡಿ.

ಬಲ ಸರಿ ಇದೆ, ಪರೀಕ್ಷೆ ಸರಿ ಇದೆ, ಬರೀ ಅದುರುತ್ತಿದೆ ಅಂದರೆ ಅದನ್ನು ನಿರಪಾಯದ ಫ್ಯಾಸಿಕ್ಯುಲೇಶನ್ ಅನ್ನುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್ ಇಂತಹ 121 ಜನರನ್ನು 2ರಿಂದ 32 ವರ್ಷಗಳ ನಂತರ ಮತ್ತೆ ವಿಚಾರಿಸಿ 1993ರಲ್ಲಿ ವರದಿ ಮಾಡಿತು. ಅವರಲ್ಲಿ ಒಬ್ಬರಿಗೂ ಮೋಟಾರ್ ನ್ಯೂರಾನ್ ಕಾಯಿಲೆ (ಎಎಲ್‌ಎಸ್ ಸೇರಿದ ಕಾಯಿಲೆಗಳ ಗುಂಪು) ಬಂದಿರಲಿಲ್ಲ. ಕೆಲವರಿಗೆ ಅದುರುವುದು ವರ್ಷಗಟ್ಟಲೆ ಉಳಿಯುತ್ತದೆ, ಕೆಲವರಿಗೆ ತಾನಾಗಿ ಹೋಗುತ್ತದೆ. ನನಗೆ ಈಗಲೂ ಆಗಾಗ ಬರುತ್ತದೆ.

ಗೋಡೆಗಳ ಮೇಲೆ ಕಾಣುವ 'ನರದೌರ್ಬಲ್ಯಕ್ಕೆ ಗ್ಯಾರಂಟಿ ಔಷಧಿ' ಜಾಹೀರಾತು ನಂಬಬೇಡಿ. 'ನರಕ್ಕೆ ಒಳ್ಳೆಯದು' ಅಂತ ವಿಟಮಿನ್ ಮಾತ್ರೆಗಳನ್ನು ತಿಂಗಳುಗಟ್ಟಲೆ ಸುಮ್ನೆ ನುಂಗಬೇಡಿ. ಬಿ6 ಅತಿಯಾದರೆ ಅದೇ ನರಗಳಿಗೆ ಪೆಟ್ಟು ಕೊಡುತ್ತದೆ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮೆಗ್ನೀಸಿಯಂ ಮುಟ್ಟಬಾರದು.

ಕಾಫಿ ಮತ್ತು ನಿದ್ದೆ

ಕಾಫಿಯನ್ನು ಒಂದೇ ದಿನ ನಿಲ್ಲಿಸಿದರೆ ತಲೆನೋವು ಬರುತ್ತದೆ. ವಾರಕ್ಕೆ ಒಂದೊಂದು ಲೋಟ ಕಡಿಮೆ ಮಾಡಿ. ಮಧ್ಯಾಹ್ನ ಎರಡರ ನಂತರ ಬೇಡವೇ ಬೇಡ. ಕುಡಿದ ಕಾಫಿಯ ಅರ್ಧ ಕೆಫೀನ್ ಐದಾರು ಗಂಟೆ ಆದರೂ ಮೈಯಲ್ಲೇ ಇರುತ್ತದೆ. ನಿದ್ದೆಗೆ ಒಂದು ನಿಗದಿ ಸಮಯ ಇಡಿ. ಫೋನ್ ಬೇರೆ ಕೋಣೆಯಲ್ಲಿ ಇರಲಿ. ಅಲಾರಂಗೆ ಒಂದು ಗಡಿಯಾರ ತನ್ನಿ. ನನಗೆ ಅತಿ ಹೆಚ್ಚು ಸಹಾಯ ಮಾಡಿದ ಖರ್ಚು ಅದೇ.

ಪರೀಕ್ಷೆ ಮಾಡಿಕೊಳ್ಳುವುದನ್ನು ಬಿಡುವುದು

ಕಷ್ಟದ ಭಾಗ ಇದು, ಮುಖ್ಯವಾದದ್ದೂ ಇದೇ.

ನಾನು ಏನೆಲ್ಲಾ ಮಾಡುತ್ತಿದ್ದೆ ಅಂದರೆ: ಪ್ರತಿ ಬೆಳಿಗ್ಗೆ ಹೆಂಡತಿಯ ಹೊಲಿಗೆ ಟೇಪು ತಗೊಂಡು ಎರಡೂ ಮೀನಖಂಡ ಅಳೆಯುವುದು. ಎಡಕ್ಕೆ 34, ಬಲಕ್ಕೆ 34.5. ಆ ಅರ್ಧ ಸೆಂಟಿಮೀಟರ್ ನನ್ನ ಇಡೀ ದಿನವನ್ನು ನುಂಗುತ್ತಿತ್ತು. ಟೇಪು ಒಂದು ಬೆರಳು ಮೇಲೆ ಕೆಳಗೆ ಆದರೆ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ, ಯಾರ ಎರಡು ಕಾಲೂ ಒಂದೇ ಅಳತೆ ಇರುವುದಿಲ್ಲ. ಆಫೀಸಿನ ಶೌಚಾಲಯದಲ್ಲಿ ಒಂಟಿ ತುದಿಗಾಲಲ್ಲಿ ಇಪ್ಪತ್ತು ಸಲ ಏಳುವುದು. ದಿನಕ್ಕೆ ನಾಲ್ಕು ಸಲ. ಸಂಜೆಗೆ ಕಾಲು ನೋಯುತ್ತಿತ್ತು, ಸೋಲುತ್ತಿತ್ತು, ಮತ್ತಷ್ಟು ಅದುರುತ್ತಿತ್ತು. ಇನ್ನೇನಾಗಬೇಕಿತ್ತು? ಕನ್ನಡಿಯ ಮುಂದೆ ನಾಲಿಗೆ ಚಾಚಿ ಟಾರ್ಚ್ ಬಿಡುವುದು. ಚಾಚಿದ ನಾಲಿಗೆ ಎಲ್ಲರದ್ದೂ ನಡುಗುತ್ತದೆ, ಅದು ಆಗ ಗೊತ್ತಿರಲಿಲ್ಲ. ಭಯದಲ್ಲಿ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು, ತುಟಿಯ ಸುತ್ತ ಜುಮ್ಮೆನ್ನುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ಅದನ್ನೂ ಹೊಸ ಲಕ್ಷಣ ಅಂತ ಬರೆದಿಟ್ಟಿದ್ದೆ.

ಹೀಗೆ ಶುರುಮಾಡಿ. ಒಂದು ದಿನ ಪೂರ್ತಿ, ನೀವು ಎಷ್ಟು ಸಲ ಮುಟ್ಟಿ, ನೋಡಿ, ಅಳೆದು, ಹುಡುಕಿ, ಮನೆಯವರನ್ನು ಕೇಳಿ ಮಾಡುತ್ತೀರಿ ಅಂತ ಗೀಟು ಹಾಕಿ. ಏನನ್ನೂ ಬದಲಾಯಿಸಬೇಡಿ, ಲೆಕ್ಕ ಮಾತ್ರ ಇಡಿ. ನನ್ನದು 63 ಬಂತು.

ಮರುದಿನದಿಂದ ಅತಿ ಸುಲಭದ್ದು ಒಂದನ್ನು ಬಿಡಿ. ನಾನು ಟೇಪನ್ನು ಹೆಂಡತಿಗೆ ವಾಪಸು ಕೊಟ್ಟೆ. ನಾಲ್ಕೈದು ದಿನ ಚಡಪಡಿಕೆ ಆಗುತ್ತದೆ, ಆಗಲಿ. ಅದು ಕಡಿಮೆಯಾದ ಮೇಲೆ ಇನ್ನೊಂದನ್ನು ಬಿಡಿ. ಎಲ್ಲವನ್ನೂ ಒಂದೇ ಸಲ ಬಿಡಲು ಹೋದರೆ ಎರಡೇ ದಿನದಲ್ಲಿ ಸೋತು ಮತ್ತೆ ಮೊದಲಿಗೇ ಬರುತ್ತೇವೆ.

ಹುಡುಕಾಟಕ್ಕೆ ಬೇರೆ ದಾರಿ ಬೇಕು. ಅದನ್ನು ಮುಂದಕ್ಕೆ ಹಾಕಿ. 'ಈಗ ಬೇಡ, ಸಂಜೆ ಆರಕ್ಕೆ' ಅಂತ ಒಂದು ಚೀಟಿಯಲ್ಲಿ ಪ್ರಶ್ನೆ ಬರೆದಿಡಿ. ಆರು ಗಂಟೆಗೆ ಹದಿನೈದು ನಿಮಿಷ ಕೂತು ಆ ಚೀಟಿ ಓದಿ, ಚಿಂತೆ ಮಾಡಿ, ಎದ್ದುಬಿಡಿ. ಬೆಳಿಗ್ಗೆ ಬೆಂಕಿಯ ಹಾಗೆ ಇದ್ದ ಪ್ರಶ್ನೆ ಸಂಜೆಗೆ ಬೂದಿ ಆಗಿರುವುದು ನಿಮಗೇ ಕಾಣುತ್ತದೆ. ಎಐ ಚಾಟ್‌ಗಳನ್ನು ಕೇಳುವುದೂ ಹುಡುಕಾಟವೇ, ಅದಕ್ಕೂ ಇದೇ ನಿಯಮ.

ಅದುರಿದಾಗ ಏನು ಮಾಡಬೇಕು? ಕೈ ತಗೊಂಡು ಹೋಗಿ ಮುಟ್ಟಬೇಡಿ. ನಿಲ್ಲಿಸಲು ಪ್ರಯತ್ನಿಸಬೇಡಿ. 'ಅದುರುತ್ತಿದೆ' ಅಂತ ಮನಸ್ಸಿನಲ್ಲಿ ಒಮ್ಮೆ ಅಂದುಕೊಂಡು ಮಾಡುತ್ತಿದ್ದ ಕೆಲಸಕ್ಕೆ ವಾಪಸಾಗಿ. ಕೆಲಸ ಕೈಗೆ ಸಿಗುವಂಥದ್ದಾದರೆ ಒಳ್ಳೆಯದು. ನಾನು ಸೊಪ್ಪು ಬಿಡಿಸುತ್ತಿದ್ದೆ. ಒಂದು ಕಟ್ಟು ಮೆಂತ್ಯ ಸೊಪ್ಪಿನ ಎಲೆ ಬಿಡಿಸಿ ಮುಗಿಯುವಷ್ಟರಲ್ಲಿ ಕಾಲು ಯಾವಾಗ ನಿಂತಿತು ಅನ್ನುವುದೇ ತಿಳಿಯುತ್ತಿರಲಿಲ್ಲ. ಹೋದ ಕಡೆಯೆಲ್ಲಾ ಗಮನ ಇಟ್ಟರೆ ಮೈಯಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ.

ನಡಿಗೆ, ಆಟ, ಮೆಟ್ಟಿಲು ಹತ್ತುವುದನ್ನು ಭಯದಿಂದ ನಿಲ್ಲಿಸಬೇಡಿ. ವ್ಯಾಯಾಮದ ನಂತರ ಸ್ವಲ್ಪ ಹೊತ್ತು ಹೆಚ್ಚು ಅದುರಬಹುದು. ಅದರಿಂದ ಹಾನಿ ಇಲ್ಲ.

ಮನೆಯವರಿಗೆ

"ನನಗೇನೂ ಆಗಿಲ್ಲ ತಾನೇ?" ಅಂತ ದಿನಕ್ಕೆ ಹತ್ತು ಸಲ ಕೇಳುವವರಿಗೆ ಹತ್ತು ಸಲ "ಏನೂ ಇಲ್ಲ" ಅನ್ನುವುದು ಪ್ರೀತಿಯಿಂದಲೇ. ಆದರೆ ಆ ಸಮಾಧಾನ ಅರ್ಧ ಗಂಟೆಯೂ ನಿಲ್ಲುವುದಿಲ್ಲ, ಮತ್ತೆ ಕೇಳಬೇಕು ಅನ್ನಿಸುತ್ತದೆ. "ನಿಮಗೆ ಬರೀ ಭ್ರಮೆ" ಅಂತ ಬೈದರೆ ಅದಕ್ಕಿಂತ ಕೆಟ್ಟದು. ಅದುರುವುದು ನಿಜ, ಭಯವೂ ನಿಜ. ನನ್ನ ಹೆಂಡತಿ ಒಂದು ರಾತ್ರಿ ಹೀಗಂದಳು: "ರೀ, ಇದಕ್ಕೆ ಉತ್ತರ ಡಾಕ್ಟರು ಕೊಟ್ಟಾಯ್ತು. ನಾನು ಮತ್ತೆ ಹೇಳಲ್ಲ. ಭಯ ಆಗ್ತಿದೆ ಅಂತ ಗೊತ್ತು, ಬನ್ನಿ ಒಂದು ಸುತ್ತು ನಡೆದು ಬರೋಣ." ಅವತ್ತು ನನಗೆ ಸಿಟ್ಟು ಬಂದಿತ್ತು. ಆದರೆ ಎದ್ದು ಹೋದೆ. ಆಮೇಲೆ ಅದೇ ನಮ್ಮ ಪದ್ಧತಿ ಆಯಿತು. ಈ ಮಾತನ್ನು ಭಯ ಕಡಿಮೆ ಇರುವ ಹೊತ್ತಿನಲ್ಲಿ ಇಬ್ಬರೂ ಕೂತು ಮೊದಲೇ ಒಪ್ಪಿಕೊಂಡಿದ್ದರೆ ಒಳ್ಳೆಯದು.

ಒಬ್ಬರೇ ಆಗದಿದ್ದರೆ

ಎರಡು ತಿಂಗಳು ಪ್ರಯತ್ನಿಸಿಯೂ ಭಯ ಇಳಿಯದಿದ್ದರೆ, ಕೆಲಸಕ್ಕೆ ಹೋಗಲು ಆಗದಿದ್ದರೆ, ಸಾಯುವ ಯೋಚನೆ ಬಂದರೆ ಕೂಡಲೇ, ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಕಾಯಿಲೆಯ ಆತಂಕಕ್ಕೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲೆ ಬರೆದ ಗೀಟು, ಚೀಟಿ, ಒಂದೊಂದಾಗಿ ಬಿಡುವುದು ನಾನು ಅಲ್ಲೇ ಕಲಿತಿದ್ದು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಉಚಿತ. ಕನ್ನಡದಲ್ಲೇ ಮಾತಾಡಬಹುದು. ಫೋನ್ ಹಿಡಿದು ಏನು ಹೇಳಬೇಕು ಅಂತ ಗೊತ್ತಾಗದಿದ್ದರೆ ಇಷ್ಟು ಹೇಳಿ: "ನನ್ನ ಕಾಲು ಅದುರುತ್ತೆ. ಡಾಕ್ಟರು ಏನೂ ಇಲ್ಲ ಅಂದಿದ್ದಾರೆ. ಆದರೂ ಭಯ ಹೋಗ್ತಾ ಇಲ್ಲ." ಮುಂದಿನದನ್ನು ಅವರೇ ಕೇಳುತ್ತಾರೆ.